2.86 ಲಕ್ಷ ಕಿ.ಮೀ. ಓಡಿದ ಇಂಡಿಗೊ ಮರೀನಾ ಮಾರಬೇಕು, ಮೀಟರ್ ಮಾತ್ರ ಮುಟ್ಟುವುದಿಲ್ಲ

ಮಂಡ್ಯ ವೈಂಡಿಂಗ್ (ಜನವರಿ 11)

ಎಲ್ಲರಿಗೂ ನಮಸ್ಕಾರ. ನನ್ನದು ಮಂಡ್ಯದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. 2007ರ ನವೆಂಬರ್‌ನಲ್ಲಿ ಟಾಟಾ ಇಂಡಿಗೊ ಮರೀನಾ ಹೊಸದಾಗಿ ತೆಗೆದುಕೊಂಡೆ. 1.4 ಟರ್ಬೊ ಡೀಸೆಲ್, 1405 ಸಿಸಿ, ಐದು ಗೇರ್. ಕೆಎ-11 ನಂಬರ್, ಅವತ್ತಿಂದ ಇವತ್ತಿನವರೆಗೆ ನಾನೊಬ್ಬನೇ ಓನರ್. ಬೆಳಿಗ್ಗೆ ನೋಡಿದಾಗ ಮೀಟರ್‌ನಲ್ಲಿ 2,86,412 ಇತ್ತು.

ಮರೀನಾ ನೋಡದವರಿಗೆ ಹೇಳ್ತೀನಿ. ಇಂಡಿಗೊ ಕಾರಿನ ಡಿಕ್ಕಿಯನ್ನು ಮೇಲಿನವರೆಗೆ ಎತ್ತಿ, ಹಿಂದೆ ಗಾಜಿನ ಬಾಗಿಲು ಇಟ್ಟ ಹಾಗೆ ಇರುತ್ತದೆ. ಸ್ಟೇಷನ್ ವ್ಯಾಗನ್. ನಮ್ಮ ಹಳ್ಳಿಗಳಲ್ಲಿ ಇದನ್ನು ಉದ್ದದ ಇಂಡಿಕಾ ಅಂತಲೇ ಕರೆಯುತ್ತಾರೆ. ಹಿಂದಿನ ಸೀಟು ಮಡಚಿದರೆ ಸಬ್‌ಮರ್ಸಿಬಲ್ ಮೋಟಾರೂ ಪಂಪೂ ಉದ್ದಕ್ಕೆ ಮಲಗುತ್ತವೆ, ಬಾಗಿಲೂ ಮುಚ್ಚುತ್ತದೆ. ಬಸರಾಳು, ನಾಗಮಂಗಲ ಕಡೆ ಬಹಳ ಊರುಗಳಿಗೆ ನಾಲೆ ನೀರು ಇಲ್ಲ, ಬೋರ್‌ವೆಲ್ಲೇ ಗತಿ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದು ಮೋಟಾರ್ ಸುಟ್ಟುಹೋದರೆ ರಾತ್ರಿ ಹತ್ತಕ್ಕೂ ಫೋನ್ ಬರುತ್ತದೆ. ಬೆಳೆ ಒಣಗುತ್ತಿರುವವರಿಗೆ ನಾಳೆ ಬರ್ತೀನಿ ಅನ್ನೋಕೆ ಆಗುತ್ತಾ? ಹೊರಡಲೇಬೇಕು. ಈ ಗಾಡಿ ಒಂದು ಸಲವೂ ದಾರಿಯಲ್ಲಿ ನನ್ನ ಕೈ ಬಿಟ್ಟಿಲ್ಲ.

ಈಗ ಅಂಗಡಿಗೆ ಒಂದು ಸಣ್ಣ ಗೂಡ್ಸ್ ಗಾಡಿ ಬಂದಿದೆ. ಮನೆ ಮುಂದೆ ಎರಡು ನಿಲ್ಲಿಸೋಕೆ ಜಾಗ ಇಲ್ಲ. ಎರಡು ತಿಂಗಳಿಂದ ಮರೀನಾ ವಾರಕ್ಕೊಮ್ಮೆ ಸ್ಟಾರ್ಟ್ ಆಗುವುದಷ್ಟೇ. ನಿಂತ ಗಾಡಿಗೆ ಇಲಿ ಸೇರುತ್ತದೆ, ಬ್ಯಾಟರಿ ಸಾಯುತ್ತದೆ. ಓಡಿಸುವವರ ಕೈಗೆ ಕೊಡೋಣ ಅಂತ ತೀರ್ಮಾನ ಮಾಡಿದ್ದೇನೆ.

ಹಾಕಿಸಿದ ಎಣ್ಣೆ, ಬದಲಾಯಿಸಿದ ಬುಷ್, ಎಲ್ಲ ಒಂದು ಲೆಕ್ಕದ ಪುಸ್ತಕದಲ್ಲಿ ಬರೆದಿದ್ದೇನೆ. ಎಂಜಿನ್ ಆಯಿಲ್ 7,500 ಕಿ.ಮೀ.ಗೆ ಒಂದು ಸಲ, ಇಲ್ಲಿಯವರೆಗೆ 38 ಸಲ. ಕ್ಲಚ್ ಪ್ಲೇಟ್ ಎರಡು ಸಲ, 1,42,000ಕ್ಕೆ ಮತ್ತು 2,51,000ಕ್ಕೆ. 2,10,000ದಲ್ಲಿ ಟರ್ಬೊ ರಿಪೇರಿ. ಎಂಜಿನ್ ಬಿಚ್ಚಿಲ್ಲ.

ಇನ್ನು ತೊಂದರೆಗಳು. ಬೆಳಿಗ್ಗೆ ತಣ್ಣಗಿದ್ದಾಗ ಸೆಕೆಂಡ್ ಗೇರ್ ಹಾಕುವಾಗ ಕರ್ ಅನ್ನುತ್ತದೆ, ಎರಡು ಕಿಲೋಮೀಟರ್ ಹೋದರೆ ಸರಿಯಾಗುತ್ತದೆ. ಹಿಂದಿನ ಬಾಗಿಲಿನ ಕೆಳ ಅಂಚಿಗೆ ತುಕ್ಕು ಹಿಡಿದಿದೆ. ಎಸಿ ಮಧ್ಯಾಹ್ನದ ಬಿಸಿಲಿಗೆ ಸಾಲುವುದಿಲ್ಲ. ಎಡಗಡೆ ಹಿಂದಿನ ಗಾಜು ಕೈಯಿಂದ ಒತ್ತಿದರೆ ಮಾತ್ರ ಪೂರ್ತಿ ಏರುತ್ತದೆ. ಭಾರ ಹೊತ್ತ ಗಾಡಿ ಅನ್ನುವುದನ್ನೂ ಮುಚ್ಚಿಡುವುದಿಲ್ಲ, ಒಂದೊಂದು ಮೋಟಾರ್ ಪಂಪ್ ಸೆಟ್ಟು ಎಂಬತ್ತು ಕಿಲೋ ಹತ್ತಿರ ಇರುತ್ತಿತ್ತು. ಹಿಂದಿನ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಎರಡೂ 1,90,000ದಲ್ಲಿ ಹೊಸದು ಹಾಕಿಸಿದ್ದೇನೆ.

ಹೋದ ವಾರ ಒಬ್ಬ ಬ್ರೋಕರ್ ಬಂದಿದ್ದರು. ಗಾಡಿ ಸುತ್ತ ಒಂದು ಸುತ್ತು ಹಾಕಿ ಮೀಟರ್ ನೋಡಿದರು. "ಇದನ್ನ 96,000 ಕಿ.ಮೀ.ಗೆ ಇಳಿಸಿಬಿಡೋಣ, ಆಮೇಲೆ ಒಳ್ಳೆ ರೇಟಿಗೆ ಹೋಗುತ್ತೆ, ಹೀಗೆ ಇಟ್ಟರೆ ಯಾರೂ ಮುಟ್ಟಲ್ಲ" ಅಂದರು. ನನಗೆ ಬಹಳ ಬೇಜಾರಾಯಿತು. ಹದಿನೆಂಟು ವರ್ಷ ಪುಸ್ತಕ ಬರೆದಿದ್ದು ಕೊನೆಗೆ ಸುಳ್ಳು ಹೇಳೋಕಾ?

ನಾನು 85,000 ರೂಪಾಯಿ ಕೇಳಬೇಕು ಅಂದುಕೊಂಡಿದ್ದೇನೆ. ಇಷ್ಟು ಓಡಿದ ಗಾಡಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿ ಮಾರೋಕೆ ಆಗುತ್ತಾ, ಹೇಗೆ ಮಾರಬೇಕು, ತಿಳಿದವರು ಹೇಳಿ.

ಪಾಂಡವಪುರ ಹುಡುಗ

ಅಣ್ಣ, 2.86 ಲಕ್ಷ ಅಂತ ನೋಡಿ ಗಾಬರಿಯಾಯಿತು, ಆಮೇಲೆ ಲೆಕ್ಕ ಹಾಕಿದೆ. ಹದಿನೆಂಟು ವರ್ಷಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 43 ಕಿಲೋಮೀಟರ್ ಅಷ್ಟೇ. ಮಂಡ್ಯದಿಂದ ಮೈಸೂರಿಗೆ ಒಂದು ಕಡೆ ಹೋದಷ್ಟೂ ಆಗಲ್ಲ. ನಮ್ಮ ಊರಿಂದ ದಿನಾ ಮೈಸೂರಿನ ಕೆಲಸಕ್ಕೆ ಕಾರಲ್ಲಿ ಹೋಗಿಬರುವವರು ಇದಕ್ಕಿಂತ ಜಾಸ್ತಿ ಓಡಿಸುತ್ತಾರೆ.

ಮೈಲೇಜ್ ಎಷ್ಟು ಬರುತ್ತೆ?

ಮಂಡ್ಯ ವೈಂಡಿಂಗ್

ಲೀಟರಿಗೆ 16 ಬರುತ್ತೆ. ಖಾಲಿ ಗಾಡಿ, ಒಂದೇ ಸಮ ಎಂಬತ್ತರಲ್ಲಿ ಹೋದರೆ 18. ಭಾರ ಹಾಕಿಕೊಂಡು ನಾಗಮಂಗಲದ ಕಡೆ ಹೋದರೆ 14. ಟ್ಯಾಂಕ್ ತುಂಬಿಸಿ ತುಂಬಿಸಿ ನೋಡಿದ ಲೆಕ್ಕ ಇದು, ಪುಸ್ತಕದಲ್ಲಿ ಬೇರೆ ಕಾಲಂ ಇದೆ.

ಹೆಬ್ಬಾಳ ಗ್ಯಾರೇಜ್, ಮೈಸೂರು

ಸರ್, ನಾನು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪೋಸ್ಟ್ ಓದಿ ಖುಷಿಯಾಯಿತು. ತೊಂದರೆಗಳನ್ನು ಮೊದಲೇ ಬರೆದಿದ್ದೀರಲ್ಲ, ನಿಜವಾಗಿ ತೆಗೆದುಕೊಳ್ಳುವವನು ಅದನ್ನೇ ಹುಡುಕುತ್ತಾನೆ.

ಡೀಸೆಲ್ ಎಂಜಿನ್ ಎಣ್ಣೆ ಸರಿಯಾಗಿ ಬದಲಾಯಿಸಿದರೆ ಮೂರು ಲಕ್ಷ ದೊಡ್ಡ ಮಾತಲ್ಲ. ನಿಮ್ಮದು ಹಳೇ ಕಾಲದ ಇಂಜೆಕ್ಷನ್ ಪಂಪ್ ಇರುವ ಎಂಜಿನ್, ಈಗಿನ ಕಂಪ್ಯೂಟರ್ ಹಿಡಿತದ ಕಾಮನ್ ರೈಲ್ ಅಲ್ಲ. ಡೀಸೆಲ್ ಸ್ವಲ್ಪ ಕೆಟ್ಟದ್ದು ಬಿದ್ದರೂ ತಡೆದುಕೊಳ್ಳುತ್ತದೆ, ರಿಪೇರಿ ಮಾಡುವವರು ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತಾರೆ. ನಾನು ಹೆದರುವುದು 60,000 ಓಡಿರುವ, ಎರಡು ವರ್ಷ ಎಣ್ಣೆ ನೋಡದ ಗಾಡಿಗೆ.

ಒಂದು ಮುಖ್ಯ ವಿಷಯ ನೀವು ಬರೆದಿಲ್ಲ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು? ಈ ಎಂಜಿನ್‌ಗೆ ಚೈನ್ ಇಲ್ಲ, ರಬ್ಬರ್ ಬೆಲ್ಟ್. ಅದು ಓಡುವಾಗ ತುಂಡಾದರೆ ವಾಲ್ವ್ ಮೇಲೆ ಪಿಸ್ಟನ್ ಬಂದು ಹೊಡೆಯುತ್ತದೆ, ಹೆಡ್ ಬಿಚ್ಚಬೇಕು, ಈ ಗಾಡಿಯ ಬೆಲೆಯ ಅರ್ಧ ಅಲ್ಲೇ ಹೋಗುತ್ತದೆ. ತುಂಡಾಗುವ ಮುಂಚೆ ಶಬ್ದ ಗಿಬ್ದ ಏನೂ ಬರುವುದಿಲ್ಲ. ಕಿ.ಮೀ. ಕಡಿಮೆ ಆಗಿದ್ದರೂ ವರ್ಷ ಕಳೆದರೆ ರಬ್ಬರ್ ಬಿರುಕು ಬಿಡುತ್ತದೆ.

ತೆಗೆದುಕೊಳ್ಳುವವರು ಹೀಗೆ ನೋಡಲಿ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಅವರ ಕಣ್ಣೆದುರೇ ಮೊದಲ ಸಲ ಸ್ಟಾರ್ಟ್ ಮಾಡಿ. ಯಾರಾದರೂ ಗಾಡಿ ಬಿಸಿ ಮಾಡಿಟ್ಟುಕೊಂಡು ಕಾಯುತ್ತಿದ್ದರೆ ಅನುಮಾನ ಪಡಬೇಕು. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ಬ್ಯಾಕ್ ಕಂಪ್ರೆಶನ್ ನೋಡಿ, ಹೊಗೆ ಪುಸು ಪುಸು ಅಂತ ಹೊಡೆದರೆ ಪಿಸ್ಟನ್ ರಿಂಗ್ ಸವೆದಿದೆ ಅಂತ. ಹೊಗೆಯ ಬಣ್ಣ ನೋಡಿ. ಏರಿನಲ್ಲಿ ಜೋರಾಗಿ ಒತ್ತಿದಾಗ ಸ್ವಲ್ಪ ಕಪ್ಪು ಬಂದರೆ ಪರವಾಗಿಲ್ಲ, ನೀಲಿ ಬಂದರೆ ಎಣ್ಣೆ ಉರಿಯುತ್ತಿದೆ. ಕ್ಲಚ್ ನೋಡೋಕೆ ಮೂರನೇ ಗೇರಲ್ಲಿ ನಿಧಾನವಾಗಿ ಹೋಗುತ್ತಾ ಒಂದೇ ಸಲ ಎಕ್ಸಲರೇಟರ್ ಒತ್ತಿ. ಎಂಜಿನ್ ಕೂಗು ಏರಿ ಗಾಡಿ ಮುಂದೆ ಹೋಗದಿದ್ದರೆ ಪ್ಲೇಟ್ ಮುಗಿದಿದೆ.

ಸೆಕೆಂಡ್ ಗೇರ್ ಕರ್ ಅನ್ನುವುದು ಗೇರ್ ಸಲೀಸಾಗಿ ಕೂರಿಸುವ ಸಿಂಕ್ರೊ ರಿಂಗ್ ಸವೆತ. ಗೇರ್ ಬಾಕ್ಸ್ ಎಣ್ಣೆ ಬದಲಾಯಿಸಿ ನೋಡಿ, ಸ್ವಲ್ಪ ಕಡಿಮೆ ಆಗುತ್ತದೆ. ಅದಕ್ಕೋಸ್ಕರ ಬಾಕ್ಸ್ ಇಳಿಸಬೇಡಿ.

ಮಂಡ್ಯ ವೈಂಡಿಂಗ್

ಬೆಲ್ಟ್ ವಿಷಯ ಬಿಟ್ಟುಹೋಗಿತ್ತು, ನೆನಪಿಸಿದ್ದಕ್ಕೆ ಥ್ಯಾಂಕ್ಸ್ ಸರ್. ಬೆಲ್ಟ್ ಹಾಕಿಸಿದ್ದು 58,000, 1,17,000, 1,76,000, 2,35,000 ಕಿ.ಮೀ.ಗೆ. ಕೊನೆಯದು 2022ರಲ್ಲಿ, ಎಫ್‌ಸಿ (ಗಾಡಿ ತೋರಿಸಿ ಆರ್‌ಸಿ ನವೀಕರಣ) ಮಾಡಿಸುವ ಮುಂಚೆ. ಅಂದರೆ ಇನ್ನು ಎಂಟು ಒಂಬತ್ತು ಸಾವಿರದಲ್ಲಿ ಬರುತ್ತದೆ. ತೆಗೆದುಕೊಳ್ಳುವವರಿಗೆ ಹೇಳಿಯೇ ಹೇಳುತ್ತೇನೆ.

ಸಯ್ಯಾಜಿರಾವ್ ರಸ್ತೆ

ಯಾಕೆ ಇಷ್ಟು ತಲೆಬಿಸಿ? ಡೀಸೆಲ್ ಗಾಡಿ ಹತ್ತು ವರ್ಷ ಆದಮೇಲೆ ಓಡಿಸುವ ಹಾಗೇ ಇಲ್ಲ ಅಲ್ವಾ? ಸ್ಕ್ರ್ಯಾಪ್‌ಗೆ ಹಾಕಿ, ಸರ್ಟಿಫಿಕೇಟ್ ತೆಗೆದುಕೊಂಡು ಹೊಸ ಕಾರಿನ ಟ್ಯಾಕ್ಸ್‌ನಲ್ಲಿ ಕಡಿತ ಪಡೆಯಿರಿ.

ನಿವೃತ್ತ ಗುಮಾಸ್ತ, ಮಂಡ್ಯ

ಹತ್ತು ವರ್ಷದ ನಿಯಮ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕರ್ನಾಟಕಕ್ಕೆ ಆ ನಿಯಮ ಇಲ್ಲ. ಇಲ್ಲಿ ಖಾಸಗಿ ಕಾರಿನ ಆರ್‌ಸಿ 15 ವರ್ಷ ಇರುತ್ತದೆ. ಆಮೇಲೆ ಗಾಡಿ ತೋರಿಸಿ, ಹಸಿರು ತೆರಿಗೆ ಕಟ್ಟಿ ಐದೈದು ವರ್ಷಕ್ಕೆ ನವೀಕರಣ ಮಾಡಿಸಬಹುದು. ಈ ಗಾಡಿ 2007ರದು, 2022ರಲ್ಲಿ ಮಾಡಿಸಿದ್ದಾರೆ, ಅಂದರೆ 2027ರ ನವೆಂಬರ್‌ವರೆಗೆ ಊರ್ಜಿತ.

ಸ್ಕ್ರ್ಯಾಪ್ ಸರ್ಟಿಫಿಕೇಟ್ ಇದ್ದರೆ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ 25 ಪರ್ಸೆಂಟ್‌ವರೆಗೆ ರಿಯಾಯಿತಿ ಕೊಡಬಹುದು ಅಂತ ಕೇಂದ್ರದ ನಿಯಮ ಇದೆ. ಸತ್ತ ಗಾಡಿಗೆ ಅದು ಒಳ್ಳೆಯದೇ. ಇದು ಸತ್ತಿಲ್ಲವಲ್ಲ.

ಮಾರುವವರಿಗೂ ಕೊಳ್ಳುವವರಿಗೂ ಇನ್ನೊಂದು ಮಾತು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಈ ಗಾಡಿ ಮುಂದಿನ ನವೀಕರಣಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ 20 ತುಂಬುತ್ತದೆ. ಆ ಖರ್ಚು ಕೊಳ್ಳುವವರ ತಲೆ ಮೇಲೆ ಬರುತ್ತದೆ, ಬೆಲೆ ಮಾತಾಡುವಾಗ ಇಬ್ಬರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಕಾಗದಪತ್ರ: ಫಾರಂ 29 (ಮಾರಿದ್ದನ್ನು ತಿಳಿಸುವ ಪತ್ರ) ಎರಡು ಪ್ರತಿ, ಫಾರಂ 30 (ಹೆಸರು ವರ್ಗಾವಣೆ ಅರ್ಜಿ), ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಇಬ್ಬರ ಗುರುತಿನ ಚೀಟಿ. ಸಾಲ ಇದ್ದರೆ ಫಾರಂ 35 (ಸಾಲ ತೀರಿದ್ದನ್ನು ತಿಳಿಸುವ ಪತ್ರ) ಮತ್ತು ಬ್ಯಾಂಕಿನ ಎನ್‌ಒಸಿ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ರಾಜ್ಯದೊಳಗೇ ಮಾರಿದರೆ ನಂಬರ್ ಬದಲಾಗುವುದಿಲ್ಲ, ಮೈಸೂರಿನವರು ತೆಗೆದುಕೊಂಡರೂ ಕೆಎ-11 ಹಾಗೇ ಇರುತ್ತದೆ.

ಮಂಡ್ಯ ವೈಂಡಿಂಗ್

ಸಾಲ 2011ರಲ್ಲೇ ತೀರಿದೆ, ಆರ್‌ಸಿಯಿಂದ ಬ್ಯಾಂಕಿನ ಹೆಸರೂ ತೆಗೆಸಿದ್ದೇನೆ. ಹೊಸ ನಮೂನೆಯ ನಂಬರ್ ಪ್ಲೇಟೂ ಹಾಕಿಸಿದ್ದೇನೆ, ನಂಬರ್ ಅದೇ.

ಕೆ.ಆರ್.ಪೇಟೆ ರೈತ

ದಯವಿಟ್ಟು ಇದನ್ನು ಓದಿ. ನಮ್ಮ ತಮ್ಮ ಐದು ವರ್ಷದ ಹಿಂದೆ ತನ್ನ ಓಮ್ನಿಯನ್ನು ಒಬ್ಬ ಬ್ರೋಕರ್‌ಗೆ ಕೊಟ್ಟ. ಫಾರಂಗೆಲ್ಲ ಖಾಲಿ ಇರುವಾಗಲೇ ಸೈನ್ ಹಾಕಿಸಿಕೊಂಡರು. ಗಿರಾಕಿ ಸಿಕ್ಕ ತಕ್ಷಣ ಹೆಸರು ತುಂಬಿ ಟ್ರಾನ್ಸ್‌ಫರ್ ಮಾಡಿಸುತ್ತೇವೆ ಅಂದರು. ದುಡ್ಡು ಕೊಟ್ಟರು, ಗಾಡಿ ತೆಗೆದುಕೊಂಡು ಹೋದರು. ಎಂಟು ತಿಂಗಳಾದ ಮೇಲೆ ಸಿಗ್ನಲ್ ಜಂಪ್, ಸೀಟ್ ಬೆಲ್ಟ್ ಅಂತ ಒಂದರ ಹಿಂದೆ ಒಂದು ಫೈನ್ ಇವನ ಮೊಬೈಲಿಗೆ ಬಂತು. ಆಮೇಲೆ ಪೊಲೀಸರೇ ಮನೆಗೆ ಬಂದರು. ಗಾಡಿ ಯಾವುದೋ ಊರಲ್ಲಿ ಬೈಕಿಗೆ ಗುದ್ದಿ ನಿಲ್ಲಿಸದೆ ಹೋಗಿತ್ತು. ಇನ್ಶೂರೆನ್ಸೂ ಮುಗಿದಿತ್ತು. ಬ್ರೋಕರ್ ಫೋನ್ ತೆಗೆಯಲಿಲ್ಲ. ನಮ್ಮ ಅವ್ವ ಎರಡು ದಿನ ಊಟ ಬಿಟ್ಟಿದ್ದರು. ಕೋರ್ಟು ಕಚೇರಿ ಅಂತ ಎರಡು ವರ್ಷ ಓಡಾಡಿದೆವು.

ಲಾಯರ್ ಹೇಳಿದ್ದು ಇಷ್ಟೇ. 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕ, ಮಧ್ಯೆ ಎಷ್ಟು ಕೈ ಬದಲಾಗಿದ್ದರೂ ಪರಿಹಾರ ಅವರ ಮೇಲೇ ಬರುತ್ತದೆ.

ಅಣ್ಣ, ನೀವು ಹತ್ತು ಸಾವಿರ ಕಡಿಮೆಗೆ ಕೊಡಿ ಪರವಾಗಿಲ್ಲ. ಓಡಿಸುವವರಿಗೇ ನೇರವಾಗಿ ಕೊಡಿ. ಖಾಲಿ ಫಾರಂಗೆ ಸೈನ್ ಮಾಡಬೇಡಿ.

ನಿವೃತ್ತ ಗುಮಾಸ್ತ, ಮಂಡ್ಯ

ನಿಮ್ಮ ತಮ್ಮನಿಗೆ ಆದದ್ದು ಬಹಳ ಜನಕ್ಕೆ ಆಗಿದೆ. ಇದಕ್ಕೇ 2023ರ ಏಪ್ರಿಲ್‌ನಿಂದ ನಿಯಮ ತಂದಿದ್ದಾರೆ. ಹಳೇ ಗಾಡಿ ವ್ಯಾಪಾರಿ ಆರ್‌ಟಿಒದಿಂದ ಅಧಿಕಾರ ಪತ್ರ ತೆಗೆದುಕೊಂಡಿರಬೇಕು. ಅಂಥವರಿಗೆ ಗಾಡಿ ಒಪ್ಪಿಸುವಾಗ ಫಾರಂ 29ಸಿ ಮೂಲಕ ಆನ್‌ಲೈನ್‌ನಲ್ಲಿ ತಿಳಿಸಬೇಕು, ಅಲ್ಲಿಂದ ಮುಂದೆ ಜವಾಬ್ದಾರಿ ಆ ವ್ಯಾಪಾರಿಯದು. ಅಧಿಕಾರ ಪತ್ರ ತೋರಿಸಿ ಅಂತ ಧೈರ್ಯವಾಗಿ ಕೇಳಿ. ತೋರಿಸದವರಿಗೆ ಕೀ ಕೊಡಬೇಡಿ.

ರಿಂಗ್ ರೋಡ್ ಸವಾರ

ಎಲ್ಲ ಸರಿ, ಬೆಲೆ ಮಾತ್ರ ಜಾಸ್ತಿ ಆಯಿತು. ಹದಿನೆಂಟು ವರ್ಷದ ಗಾಡಿ, ಕಂಪನಿ ಮಾಡುವುದು ನಿಲ್ಲಿಸಿ ಯಾವ ಕಾಲವಾಯಿತು. 35,000ಕ್ಕಿಂತ ಮೇಲೆ ಒಂದು ರೂಪಾಯಿ ಕೊಡಬಾರದು.

ಮಂಡ್ಯ ವೈಂಡಿಂಗ್

ಬೆಲೆ ಹೇಳುವುದು ನಿಮ್ಮ ಹಕ್ಕು ಸರ್, ಬೇಜಾರಿಲ್ಲ. ಆದರೆ 35,000ಕ್ಕೆ ಈ ಊರಲ್ಲಿ ಎಂಥ ಗಾಡಿ ಸಿಗುತ್ತದೆ ಅಂತ ನಾನೂ ನೋಡಿದ್ದೇನೆ. ಅದಕ್ಕೆ ಮತ್ತೆ ಐವತ್ತು ಸಾವಿರ ಹಾಕಬೇಕು. ನನ್ನ ಗಾಡಿಯಲ್ಲಿ ನಾಲ್ಕು ಟೈರ್ ಒಂದು ವರ್ಷದ್ದು, ಬ್ಯಾಟರಿ ಆರು ತಿಂಗಳದ್ದು, ಬ್ರೇಕ್ ಪ್ಯಾಡ್ ಹೊಸದು. ನಾಳೆ ಬೆಳಿಗ್ಗೆ ಕೀ ತಿರುಗಿಸಿದರೆ ಧರ್ಮಸ್ಥಳಕ್ಕೆ ಹೊರಡಬಹುದು. ಸ್ವಲ್ಪ ಇಳಿಸುತ್ತೇನೆ, ಆದರೆ ಗಾಡಿ ನೋಡಿದ ಮೇಲೆ.

ಉದ್ದದ ಇಂಡಿಕಾ ಅಭಿಮಾನಿ

ನನ್ನ ಹತ್ತಿರವೂ ಮರೀನಾ ಇತ್ತು, 2005ರದು, ಪೆಟ್ರೋಲ್. ಈ ತರಹದ ಗಾಡಿಗಳು ನಮ್ಮ ದೇಶದಲ್ಲಿ ಯಾವಾಗಲೂ ಸೋತಿವೆ. 1992ರಲ್ಲಿ ಟಾಟಾ ಎಸ್ಟೇಟ್ ಬಂತು, ಆಮೇಲೆ ಮಾರುತಿ ಬಲೆನೊ ಆಲ್ಟುರಾ, ಫಿಯೆಟ್ ಸಿಯೆನಾ ವೀಕೆಂಡ್, ಓಪೆಲ್ ಕೋರ್ಸಾ ಸ್ವಿಂಗ್, ಸ್ಕೋಡಾ ಆಕ್ಟೇವಿಯಾ ಕಾಂಬಿ, 2004ರಲ್ಲಿ ಈ ಮರೀನಾ. ಒಂದೂ ನಿಲ್ಲಲಿಲ್ಲ. ಆಂಬುಲೆನ್ಸ್ ತರ ಇದೆ ಅಂತ ಜನ ಮುಖ ತಿರುಗಿಸಿದರು. ಆದರೆ ಕಾರಿನ ಹಾಗೆ ತಗ್ಗಿನಲ್ಲಿ ಕೂತು, ಕಾರಿನ ಹಾಗೆ ತಿರುವಿನಲ್ಲಿ ಹೋಗಿ, ಸಾಮಾನು ಮಾತ್ರ ವ್ಯಾನಿನ ಹಾಗೆ ತುಂಬುವ ಗಾಡಿ ಬೇರೆ ಯಾವುದಿದೆ ಹೇಳಿ. ನಮ್ಮ ಅಕ್ಕನ ಮದುವೆಗೆ ಪಾತ್ರೆ, ಬಾಳೆಕಂದು, ಚಪ್ಪರದ ಹೂವು ಎಲ್ಲ ಅದರಲ್ಲೇ ಬಂದದ್ದು.

ಬಿಡಿಭಾಗದ ಬಗ್ಗೆ ಹೆದರಬೇಕಾಗಿಲ್ಲ. ಎಂಜಿನ್, ಗೇರ್ ಬಾಕ್ಸ್, ಮುಂದಿನ ಸಸ್ಪೆನ್ಷನ್ ಎಲ್ಲ ಇಂಡಿಕಾ, ಇಂಡಿಗೊದ್ದೇ. ಇಂಡಿಕಾ ಟ್ಯಾಕ್ಸಿಗಳು ಎಷ್ಟು ಓಡಿವೆ ಅಂದರೆ ಸಣ್ಣ ಊರಲ್ಲೂ ಸಾಮಾನು ಸಿಗುತ್ತದೆ. ಮರೀನಾಗೆ ಮಾತ್ರ ಅಂತ ಇರುವುದು ಹಿಂಭಾಗ. ಹಿಂದಿನ ಗಾಜು, ಹಿಂದಿನ ದೀಪ, ಡಿಕ್ಕಿ ಬಾಗಿಲು. ಅವು ಒಡೆದರೆ ಸಿಗುವುದು ಕಷ್ಟ. ರಿವರ್ಸ್ ತೆಗೆಯುವಾಗ ಜೋಪಾನ.

ಮಾರುವವರೇ, ಹಿಂದಿನ ದೀಪ ಎರಡೂ ಸರಿ ಇದೆಯಾ?

ಮಂಡ್ಯ ವೈಂಡಿಂಗ್

ಎರಡೂ ಕಂಪನಿಯಿಂದ ಬಂದದ್ದೇ. ಅಟ್ಟದ ಮೇಲೆ ಎಡಗಡೆಯದು ಇನ್ನೊಂದು ಇದೆ, 2014ರಲ್ಲಿ ಒಂದು ಕಡೆ ಸಿಕ್ಕಿತು ಅಂತ ತೆಗೆದಿಟ್ಟಿದ್ದೆ. ಗಾಡಿ ಜೊತೆಗೇ ಕೊಡುತ್ತೇನೆ.

ಜೇನುಪೆಟ್ಟಿಗೆ, ಬೋಗಾದಿ (ಜನವರಿ 14)

ನಮಸ್ಕಾರ. ಮೂರು ದಿನದಿಂದ ಓದುತ್ತಿದ್ದೇನೆ. ನಾನು ಜೇನು ಸಾಕುತ್ತೇನೆ, ಮೈಸೂರಲ್ಲಿ ಮನೆ. ಮಾರ್ಚ್ ಹೊತ್ತಿಗೆ ಮಳೆ ಬಿದ್ದರೆ ಕೊಡಗಿನಲ್ಲಿ ಕಾಫಿ ಹೂವಾಗುತ್ತದೆ, ಆಮೇಲೆ ಗುಂಡ್ಲುಪೇಟೆ ಕಡೆ ಸೂರ್ಯಕಾಂತಿ. ಹುಳ ಇರುವ ಪೆಟ್ಟಿಗೆಗಳಿಗೆ ರಾತ್ರಿ ತೆರೆದ ಗಾಡಿ ಬಾಡಿಗೆಗೆ ಮಾಡುತ್ತೇವೆ, ಅದನ್ನು ಕಾರಲ್ಲಿ ಒಯ್ಯುವ ಹಾಗಿಲ್ಲ. ಖಾಲಿ ಪೆಟ್ಟಿಗೆ, ಚೌಕಟ್ಟು, ಜೇನು ತೆಗೆಯುವ ಯಂತ್ರ, ಕ್ಯಾನು, ಇವಕ್ಕೆ ವಾರಕ್ಕೆರಡು ಸಲ ಓಡಾಟ. ಈಗ ಇರುವ ಸಣ್ಣ ಕಾರಲ್ಲಿ ಯಂತ್ರ ಹಿಡಿಸುವುದಿಲ್ಲ, ಎತ್ತರದ ಎಸ್‌ಯುವಿಗೆ ಜೇನಿನ ಕ್ಯಾನ್ ಎತ್ತಿ ಹಾಕಿ ಸೊಂಟ ನೋವು ಬಂದಿದೆ. ತಗ್ಗಿನ ಡಿಕ್ಕಿ ನನಗೆ ನಿಜವಾಗಿಯೂ ಬೇಕು.

ನನ್ನ ಪ್ರಶ್ನೆಗಳು. ಹಿಂದಿನ ಸೀಟು ಮಡಚಿದಾಗ ನೆಲ ಪೂರ್ತಿ ಸಮ ಆಗುತ್ತದಾ? ಒಳಗೆ ಎಣ್ಣೆ, ಗ್ರೀಸ್ ವಾಸನೆ ಇದೆಯಾ? ಜೇನಿಗೆ ವಾಸನೆ ಬೇಗ ಹತ್ತುತ್ತದೆ. ಮಳೆಗಾಲದಲ್ಲಿ ಹಿಂದಿನ ಬಾಗಿಲಿಂದ ನೀರು ಒಳಗೆ ಬರುತ್ತದಾ? ಪುಸ್ತಕ ನೋಡಬಹುದಾ? ನನಗೆ ಗಾಡಿ ಓಡಿಸೋಕೆ ಬರುತ್ತದೆ, ಎಂಜಿನ್ ವಿಷಯ ಅಷ್ಟು ಗೊತ್ತಿಲ್ಲ, ಹಾಗಾಗಿ ಗೊತ್ತಿರುವವರ ಮುಂದೆ ನೋಡಬೇಕು.

ಮಂಡ್ಯ ವೈಂಡಿಂಗ್

ಮೇಡಂ, ಪೂರ್ತಿ ಸಮ ಆಗುವುದಿಲ್ಲ, ಸೀಟು ಮಡಚಿದ ಕಡೆ ಸ್ವಲ್ಪ ಉಬ್ಬು ಇರುತ್ತದೆ. ನಾನು ಮುಕ್ಕಾಲು ಇಂಚಿನ ಪ್ಲೈವುಡ್ ಅಳತೆಗೆ ಕೊಯ್ಯಿಸಿ ಹಾಕಿಕೊಂಡಿದ್ದೇನೆ, ಅದರ ಮೇಲೆ ರಬ್ಬರ್ ಮ್ಯಾಟ್. ಅದೂ ಗಾಡಿಯ ಜೊತೆಗೇ ಬರುತ್ತದೆ. ವಾಸನೆ ಇದೆ. ವಾರ್ನಿಷ್ ಮತ್ತು ಗ್ರೀಸ್ ವಾಸನೆ, ನನಗೆ ಅಭ್ಯಾಸವಾಗಿದೆ, ನಿಮಗೆ ಗೊತ್ತಾಗುತ್ತದೆ. ಮ್ಯಾಟ್, ಕಾರ್ಪೆಟ್ ಬಿಚ್ಚಿ ತೊಳೆಸಿ ಬಿಸಿಲಿಗೆ ಹಾಕುತ್ತೇನೆ, ಎಷ್ಟು ಹೋಗುತ್ತದೋ ನೋಡೋಣ. ನೀರು ಬರುತ್ತಿತ್ತು, ಬಾಗಿಲಿನ ರಬ್ಬರ್ ಬೀಡಿಂಗ್ 2023ರಲ್ಲಿ ಬದಲಾಯಿಸಿದ ಮೇಲೆ ಬಂದಿಲ್ಲ.

ಪುಸ್ತಕದ ಎಲ್ಲ ಹಾಳೆಯ ಫೋಟೊ ಕಳಿಸುತ್ತೇನೆ. ಸಂಕ್ರಾಂತಿ ಮುಗಿಯಲಿ, ಭಾನುವಾರ ನಾನೇ ಮೈಸೂರಿಗೆ ತರುತ್ತೇನೆ. ಹೆಬ್ಬಾಳದ ಸರ್, ನಿಮ್ಮ ಗ್ಯಾರೇಜಿನಲ್ಲಿ ನೋಡೋಕೆ ಆಗುತ್ತಾ? ನಿಮ್ಮ ಚಾರ್ಜ್ ನಾನು ಕೊಡುತ್ತೇನೆ.

ಹೆಬ್ಬಾಳ ಗ್ಯಾರೇಜ್, ಮೈಸೂರು

ಬನ್ನಿ. ಆದರೆ ಶನಿವಾರ ರಾತ್ರಿಯೇ ತಂದು ನಿಲ್ಲಿಸಿ, ಬೆಳಿಗ್ಗೆ ತಣ್ಣಗಿರುವಾಗ ಅಕ್ಕನವರೇ ಬಂದು ಸ್ಟಾರ್ಟ್ ಮಾಡಲಿ. ಚಾರ್ಜ್ ಕೊಳ್ಳುವವರೇ ಕೊಡಬೇಕು, ಆಗ ನಾನು ಅವರ ಕಡೆಯಿಂದ ನೋಡಿದ ಹಾಗೆ ಆಗುತ್ತದೆ.

ಜೇನುಪೆಟ್ಟಿಗೆ, ಬೋಗಾದಿ (ಜನವರಿ 18)

ಇವತ್ತು ನೋಡಿ ಬಂದೆ. ಮುಂದೆ ಯಾರಿಗಾದರೂ ಉಪಯೋಗ ಆಗಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಏಳಕ್ಕೆ ಹೋದೆ. ಬಾನೆಟ್ ಮೇಲೆ ಇಬ್ಬನಿ ಇತ್ತು, ಕೈ ಇಟ್ಟು ನೋಡಿದೆ, ತಣ್ಣಗಿತ್ತು. ಹೀಟರ್ ದೀಪ ಆರುವವರೆಗೆ ಕಾದು ಕೀ ತಿರುಗಿಸಿದೆ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸ್ವಲ್ಪ ಬಿಳಿ ಹೊಗೆ ಬಂದು ಅರ್ಧ ನಿಮಿಷದಲ್ಲಿ ನಿಂತಿತು. ಮೆಕ್ಯಾನಿಕ್ ಅಣ್ಣ ಆಯಿಲ್ ಮುಚ್ಚಳ ತೆಗೆದು ಅದರ ಬಾಯಿಯ ಮೇಲೇ ಮಗುಚಿ ಇಟ್ಟರು. ಮುಚ್ಚಳ ನಡುಗಿತು, ಹಾರಲಿಲ್ಲ. ಈ ವಯಸ್ಸಿಗೆ ಇದು ಬಹಳ ಒಳ್ಳೆಯದು ಅಂದರು.

ಗಾಡಿ ಎತ್ತಿ ಕೆಳಗೆ ನೋಡಿದೆವು. ಹಿಂದಿನ ಚಕ್ರದ ಮೇಲಿನ ಕಮಾನಿನ ಒಳಗೆ ಬೆರಳಗಲ ತುಕ್ಕು ಇತ್ತು, ಅದನ್ನು ಮಾರುವವರೂ ನೋಡಿರಲಿಲ್ಲ. ಎಡಗಡೆ ಲೋಯರ್ ಆರ್ಮ್ ಬುಷ್ ಸಡಿಲ. ಸ್ಟಿಯರಿಂಗ್ ರ‍್ಯಾಕ್‌ನಲ್ಲಿ ಸೋರಿಕೆ ಇಲ್ಲ. ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದೆ, ಡ್ರೈವರ್ ಸೀಟಿನ ಬಲ ಅಂಚು ಕುಸಿದಿದೆ. ಅದನ್ನು ತೋರಿಸಿ ಮೆಕ್ಯಾನಿಕ್ ಅಣ್ಣ ಹೇಳಿದರು, "ನೋಡಿ ಅಕ್ಕ, ಮೀಟರ್ ಹೇಳುವುದನ್ನೇ ಪೆಡಲೂ ಹೇಳುತ್ತಿದೆ. ಮೀಟರ್ 60,000 ತೋರಿಸಿ ಪೆಡಲ್ ಹೀಗಿದ್ದರೆ ಆ ಗಾಡಿ ಬಿಟ್ಟು ಬನ್ನಿ."

ಆಮೇಲೆ ಮೂವರೂ ಚಾಮುಂಡಿ ಬೆಟ್ಟಕ್ಕೆ ಹೋದೆವು. ನಾನೇ ಓಡಿಸಿದೆ. ಮೊದಲ ಎರಡು ಕಿಲೋಮೀಟರ್ ಸೆಕೆಂಡ್ ಗೇರ್ ಕರ್ ಅಂದಿತು, ಅವರು ಬರೆದಿದ್ದ ಹಾಗೆಯೇ. ಬೆಟ್ಟದ ಏರಿನಲ್ಲಿ ಮೂರನೇ ಗೇರಲ್ಲಿ ಒತ್ತಿದೆ. ಎರಡು ಸಾವಿರ ಆರ್‌ಪಿಎಂ ಒಳಗೆ ಸುಮ್ನೆ ಇರುತ್ತದೆ, ದಾಟಿದ ಮೇಲೆ ಟರ್ಬೊ ಎಳೆಯುತ್ತದೆ. ಕ್ಲಚ್ ಜಾರಲಿಲ್ಲ. ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಮೇಲೆ ಹೋಗಲಿಲ್ಲ. ಇಳಿಯುವಾಗ ಎರಡನೇ ಗೇರಲ್ಲೇ ಬಿಟ್ಟೆ, ಗೇರ್ ಹಾರಲಿಲ್ಲ. ನಂದಿಯ ಹತ್ತಿರ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದು ನಾನು ತಂದಿದ್ದ ಯಂತ್ರದ ಅಳತೆ ಪಟ್ಟಿ ಇಟ್ಟು ನೋಡಿದೆ. ಆರಾಮಾಗಿ ಹಿಡಿಸುತ್ತದೆ. ಪಕ್ಕದಲ್ಲಿ ನಾಲ್ಕು ಕ್ಯಾನ್‌ಗೆ ಜಾಗ ಉಳಿಯುತ್ತದೆ.

ವಾಸನೆ ಇನ್ನೂ ಇದೆ. ಕ್ಯಾನ್ ಮುಚ್ಚಿರುತ್ತದೆ, ಮೇಣದ ಚೌಕಟ್ಟನ್ನು ಮಾತ್ರ ಸದ್ಯಕ್ಕೆ ಇದರಲ್ಲಿ ಒಯ್ಯುವುದಿಲ್ಲ.

ಪುಸ್ತಕ ಓದುತ್ತಾ ಒಂದು ಕಡೆ ನಿಂತುಬಿಟ್ಟೆ. 2020ರ ಏಪ್ರಿಲ್ ಪುಟದಲ್ಲಿ ಬರೀ 112 ಕಿ.ಮೀ., ಪಕ್ಕದಲ್ಲಿ "ಪಾಸ್ ತೆಗೆದುಕೊಂಡು ಕೀಲಾರ, ಎರಡು ಮೋಟಾರ್" ಅಂತ ಇತ್ತು. ಎಲ್ಲರೂ ಮನೆಯಲ್ಲಿ ಇದ್ದಾಗಲೂ ಯಾರದೋ ಗದ್ದೆಗೆ ನೀರು ಬಿಡಿಸಿದ ಗಾಡಿ ಇದು.

ಮಂಡ್ಯ ವೈಂಡಿಂಗ್ (ಜನವರಿ 19)

ಮಾತು ಮುಗಿಯಿತು. 74,000. ಟೈಮಿಂಗ್ ಬೆಲ್ಟ್, ಟೆನ್ಷನರ್, ಲೋಯರ್ ಆರ್ಮ್ ಬುಷ್ ಹೆಬ್ಬಾಳದಲ್ಲೇ ಹಾಕಿಸಿ ಕೊಡುವುದು ನನ್ನ ಖರ್ಚು. ಮುಂದಿನ ವರ್ಷದ ನವೀಕರಣದ ಹತ್ತು ಸಾವಿರ ಅವರದು ಅಂತ ಬೆಲೆಯಲ್ಲಿ ಹಿಡಿದುಕೊಂಡೆವು. ತುಕ್ಕು ನಾನು ನೋಡಿರಲಿಲ್ಲ, ಅದಕ್ಕೆ ನಾನಾಗಿಯೇ ಎರಡು ಸಾವಿರ ಬಿಟ್ಟೆ.

ದುಡ್ಡು ಬ್ಯಾಂಕ್ ಮೂಲಕ. ಗಾಡಿ ಕೊಟ್ಟ ದಿನ, ಗಂಟೆ, ಮೀಟರ್ ರೀಡಿಂಗ್ ಬರೆದು ಇಬ್ಬರೂ ಸೈನ್ ಮಾಡಿದ ಪತ್ರ ಎರಡು ಪ್ರತಿ ಮಾಡುತ್ತೇವೆ. ಅರ್ಜಿ ಅವರ ಹೆಸರು ತುಂಬಿದ ಮೇಲೆಯೇ ಸೈನ್.

ನಿವೃತ್ತ ಗುಮಾಸ್ತ, ಮಂಡ್ಯ

ಒಳ್ಳೆಯ ಕೆಲಸ. ಎರಡು ಮಾತು ಸೇರಿಸುತ್ತೇನೆ. ಗಾಡಿ ಕೈ ಬದಲಾದರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಹೊಸಬರ ಹೆಸರಿಗೆ ವರ್ಗವಾದ ಹಾಗೇ ಅಂತ ಕಾನೂನು ಇದೆ, ಆದರೂ ಮೇಡಂ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ಮತ್ತೆ ಕ್ಲೇಮ್ ಮಾಡದೆ ಉಳಿಸಿಕೊಂಡ ನೋ ಕ್ಲೇಮ್ ಬೋನಸ್ ಮಾಲೀಕರದು, ಗಾಡಿಯದಲ್ಲ. ಮಾರಿದವರು ಅದರ ಪತ್ರ ಕೇಳಿ ಇಟ್ಟುಕೊಳ್ಳಿ, ಮೂರು ವರ್ಷದೊಳಗೆ ಬೇರೆ ಕಾರು ತೆಗೆದುಕೊಂಡರೆ ಬಳಕೆಗೆ ಬರುತ್ತದೆ.

ಪಾಂಡವಪುರ ಹುಡುಗ

ಅಣ್ಣ, ಫಾಸ್ಟ್ಯಾಗ್ ಮರೆಯಬೇಡಿ! ನಮ್ಮ ಮಾವ ಮರೆತಿದ್ದರು, ಗಾಡಿ ಮಾರಿ ಎರಡು ತಿಂಗಳು ಗಣಂಗೂರು ಟೋಲ್‌ನ ದುಡ್ಡು ಇವರ ಅಕೌಂಟಿಂದಲೇ ಹೋಗುತ್ತಿತ್ತು. ಸ್ಟಿಕ್ಕರ್ ಕಿತ್ತರೆ ಸಾಲದು, ಬ್ಯಾಂಕಿಗೆ ಹೇಳಿ ಕ್ಲೋಸ್ ಮಾಡಿಸಬೇಕು. ವಾರ್ಷಿಕ ಪಾಸ್ ಮಾಡಿಸಿದ್ದರೆ ಅದು ಬೇರೆ ಗಾಡಿಗೆ ಬರುವುದಿಲ್ಲ.

ಮಂಡ್ಯ ವೈಂಡಿಂಗ್

ಪಾಸ್ ಮಾಡಿಸಿಲ್ಲ. ಫಾಸ್ಟ್ಯಾಗ್ ನಾಳೆಯೇ ಕ್ಲೋಸ್ ಮಾಡಿಸುತ್ತೇನೆ, ನೆನಪೇ ಇರಲಿಲ್ಲ. ಬಾಕಿ ಫೈನ್ ಏನಾದರೂ ಇದೆಯಾ ಅಂತಲೂ ನೋಡಿದೆ, ಎಕ್ಸ್‌ಪ್ರೆಸ್‌ವೇನಲ್ಲಿ ಒಂದು ಸಲ 107ರಲ್ಲಿ ಹೋದದ್ದು ಇತ್ತು, ಕಟ್ಟಿಬಿಟ್ಟೆ.

ಕೆ.ಆರ್.ಪೇಟೆ ರೈತ

ನೇರವಾಗಿ ಓಡಿಸುವವರಿಗೇ ಹೋಯಿತು ಅಂತ ಓದಿ ನೆಮ್ಮದಿಯಾಯಿತು ಅಣ್ಣ. ಆರ್‌ಸಿ ಅವರ ಹೆಸರಿಗೆ ಬಂದ ಮೇಲೆ ಇಲ್ಲಿ ಒಂದು ಮಾತು ಹಾಕಿ.

ಜೇನುಪೆಟ್ಟಿಗೆ, ಬೋಗಾದಿ (ಫೆಬ್ರುವರಿ 21)

ಆರ್‌ಸಿ ಕಾರ್ಡ್ ನಿನ್ನೆ ಪೋಸ್ಟಿನಲ್ಲಿ ಬಂತು, ನನ್ನ ಹೆಸರಲ್ಲಿ. ಫೋಟೊ ಮಂಡ್ಯದ ಅಣ್ಣನಿಗೂ ಕಳಿಸಿದ್ದೇನೆ, ಪ್ರಿಂಟ್ ತೆಗೆದು ಇಟ್ಟುಕೊಳ್ಳುತ್ತೇನೆ ಅಂದರು.

ಗೇರ್ ಬಾಕ್ಸ್ ಎಣ್ಣೆ ಬದಲಾಯಿಸಿದ ಮೇಲೆ ಸೆಕೆಂಡ್ ಗೇರ್ ಕರ್ ಅನ್ನುವುದು ಅರ್ಧ ಕಡಿಮೆಯಾಗಿದೆ. ತುಕ್ಕು ಕೆರೆಸಿ ಪ್ರೈಮರ್ ಹೊಡೆಸಿದೆ. ಕುಶಾಲನಗರಕ್ಕೆ ಎರಡು ಸಲ ಹೋಗಿಬಂದೆ, ಭಾರ ಹಾಕಿಕೊಂಡು, ಲೀಟರಿಗೆ 15 ಬಂತು. ಪುಸ್ತಕದಲ್ಲಿ ಅಣ್ಣ ಬರೆದ ಕೊನೆಯ ಸಾಲಿನ ಕೆಳಗಿಂದಲೇ ನಾನೂ ಬರೆಯುತ್ತಿದ್ದೇನೆ. ಇವತ್ತು 2,87,590.

ಮಂಡ್ಯ ವೈಂಡಿಂಗ್

2,93,000ಕ್ಕೆ ಎಣ್ಣೆ ಬದಲಾಯಿಸುವುದು ಮರೆಯಬೇಡಿ ಮೇಡಂ. ಫಿಲ್ಟರ್ ಬಿಚ್ಚುವಾಗ ಒಳಗಿನ ವಾಷರ್ ಹಳೆಯದೇ ಹಾಕಿಬಿಡುತ್ತಾರೆ, ಪಕ್ಕದಲ್ಲಿ ನಿಂತು ನೋಡಿ.